ಬಾಳಕದ ದಾಸ್ತಾನು

ಪಾಠ ಹೇಳುವವರಿಗೆ ಒಂದು ಅನುಕೂಲವಿದೆ. ಹೇಳಿದ್ದನ್ನು ಮಾಡಿ ತೋರಿಸು ಎಂದು ಅವರನ್ನು ಯಾರೂ ಕೇಳುವುದಿಲ್ಲ. ನಾನು ಹುಣಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯದ ಉಪನ್ಯಾಸಕ. ದಾಸ್ತಾನು ಎಂದರೇನು, ಅದು ಎಲ್ಲಿಗೆ ಇಳಿದಾಗ ಹೊಸ ಸರಕಿಗೆ ಹೇಳಿಕಳಿಸಬೇಕು, ಹೇಳಿಕಳಿಸಿದ ಸರಕು ಬಂದು ಮುಟ್ಟುವವರೆಗೆ ಇರುವುದನ್ನು ಹೇಗೆ ತೂಗಿಸಬೇಕು ಎಂಬುದನ್ನೆಲ್ಲ ಕರಿಹಲಗೆಯ ಮೇಲೆ ಗರಗಸದ ಹಲ್ಲಿನಂಥ ಒಂದು ಚಿತ್ರ ಬರೆದು ವರ್ಷಾ ವರ್ಷ ವಿವರಿಸುತ್ತ ಬಂದವನು. ಪರೀಕ್ಷೆಯಲ್ಲಿ ಆ ಹಲ್ಲುಗಳನ್ನು ಸೊಟ್ಟಗೆ ಬರೆದ ಹುಡುಗರ ಅಂಕ ಮುಲಾಜಿಲ್ಲದೆ ಕತ್ತರಿಸಿದ್ದೇನೆ. ಇಂಥ ನನಗೆ ನಮ್ಮದೇ ಮನೆಯ ಅಟ್ಟದ ಮೇಲಿನ ಒಂದು ಡಬ್ಬದಲ್ಲಿ ಎಷ್ಟು ಬಾಳಕದ ಮೆಣಸಿನಕಾಯಿ ಇದೆ ಎಂಬುದು ಒಂದು ದಿನವೂ ಸರಿಯಾಗಿ ಗೊತ್ತಾಗಲಿಲ್ಲ ಎಂದರೆ ನೀವು ನಗಬಹುದು. ನಗಿ. ನನಗೆ ನಗಬೇಕೋ ಅಳಬೇಕೋ ಆಗ ತಿಳಿದಿರಲಿಲ್ಲ, ಈಗಲೂ ಪೂರ್ತಿ ತಿಳಿದಿಲ್ಲ.

ಬ್ರಾಡ್‌ಬ್ಯಾಂಡ್ ನಮ್ಮೂರಿಗೆ ಬಂದ ಹೊಸತು. ಕರೆಂಟು ಇದ್ದಾಗ ಫೋನು ಸತ್ತಿರುತ್ತಿತ್ತು, ಫೋನು ಬದುಕಿದಾಗ ಕರೆಂಟು ಹೋಗಿರುತ್ತಿತ್ತು, ಎರಡೂ ಇದ್ದಾಗ ನಾನು ಕಾಲೇಜಿನಲ್ಲಿರುತ್ತಿದ್ದೆ. ನನ್ನ ಹೆಂಡತಿ ವನಜ ಮಾಡುವ ಬಾಳಕಕ್ಕೆ ನೆಂಟರಲ್ಲಿ ಬಹಳ ಹೆಸರು. ಹಸಿ ಮೆಣಸಿನಕಾಯಿಯನ್ನು ಸೀಳಿ, ಹುಳಿ ಮಜ್ಜಿಗೆಯಲ್ಲಿ ಉಪ್ಪು ಹಾಕಿ ನೆನೆಸಿ, ಬಿಸಿಲಿಗೆ ಒಣಗಿಸಿ, ಸಂಜೆ ಮತ್ತೆ ಮಜ್ಜಿಗೆಗೆ ಹಾಕಿ, ಬೆಳಿಗ್ಗೆ ಮತ್ತೆ ಬಿಸಿಲಿಗೆ ಹಾಕಿ ಅವಳು ಪಡುವ ಪಾಡು ನೋಡಿದರೆ ತಿನ್ನುವವರಿಗೆ ಪಾಪಪ್ರಜ್ಞೆ ಬರಬೇಕು. ಯಾರಿಗೂ ಬಂದಿದ್ದಿಲ್ಲ. ನಮ್ಮ ಮನೆಗೆ ಬಂದವರು ಹೊರಡುವಾಗ ಚಪ್ಪಲಿ ಮರೆತಾರು, ಬಾಳಕದ ಪೊಟ್ಟಣ ಮರೆಯುತ್ತಿರಲಿಲ್ಲ. ಮೈಸೂರಿನಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರ ಇಟ್ಟಿರುವ ವನಜಳ ತಮ್ಮ ಲೋಕೇಶ ಇದನ್ನು ನೋಡಿ ನೋಡಿ, ಇಂಟರ್ನೆಟ್ಟಿನಲ್ಲಿ ಒಂದು ಅಂಗಡಿಯನ್ನೇ ತೆರೆದುಕೊಟ್ಟ. ತಟ್ಟೆಯಲ್ಲಿ ಮೊಸರನ್ನ, ಪಕ್ಕದಲ್ಲಿ ಕರಿದ ಬಾಳಕ, ಹೀಗೆ ಒಂದು ಚಿತ್ರ. ಅದರ ಕೆಳಗೆ ಒಂದು ಪುಟ್ಟ ಚೌಕ.

"ಭಾವ, ನೀವು ಏನೂ ಮಾಡ್ಬೇಕಾಗಿಲ್ಲ. ಎಷ್ಟು ಪೊಟ್ಟಣ ಇದೆ ಅಂತ ಈ ಚೌಕದಲ್ಲಿ ತುಂಬಿ. ಒಂದು ಮಾರಾಟ ಆದ್ರೆ ಅದೇ ಒಂದು ಕಳ್ಕೊಳ್ಳುತ್ತೆ. ಸೊನ್ನೆ ಆದ್ರೆ ಅದೇ ಅಂಗಡಿ ಬಾಗಿಲು ಹಾಕುತ್ತೆ. ನಿಮಗೆ ಇದನ್ನೆಲ್ಲ ಹೇಳೋದೇನಿದೆ, ಪಾಠ ಮಾಡೋರೇ ನೀವು" ಎಂದ ಲೋಕೇಶ. ಆ ಕೊನೆಯ ಮಾತಿನಿಂದ ನಾನು ಕೆಟ್ಟೆ. ಗೊತ್ತಿಲ್ಲದ್ದನ್ನು ಕೇಳುವ ದಾರಿಯೇ ಅಲ್ಲಿಗೆ ಮುಚ್ಚಿಹೋಯಿತು.

ಮೊದಲ ತೊಡಕು ಸೂರ್ಯನದು. ರಾವಂದೂರಿನ ನಮ್ಮ ಚಿಕ್ಕಮ್ಮನ ಹೊಲದಿಂದ ಮೆಣಸಿನಕಾಯಿ ಎಷ್ಟು ಬೇಕಾದರೂ ಬರುತ್ತಿತ್ತು. ಮಜ್ಜಿಗೆಗೂ ಬರವಿರಲಿಲ್ಲ. ಆದರೆ ಬಿಸಿಲನ್ನು ಕೊಡುವವನು ಒಬ್ಬನೇ, ಅವನು ಶಿವರಾತ್ರಿ ಕಳೆದ ಮೇಲೆ ಅಂಗಡಿ ತೆರೆದು ಮುಂಗಾರು ಹಿಡಿಯುತ್ತಲೇ ಮುಚ್ಚುತ್ತಾನೆ. ಮರು ಆರ್ಡರ್ ಕೊಟ್ಟ ದಿನದಿಂದ ಸರಕು ಬರುವ ದಿನದವರೆಗಿನ ಅವಧಿಯನ್ನು ನಾನು ತರಗತಿಯಲ್ಲಿ ವಾರದ ಲೆಕ್ಕದಲ್ಲಿ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಅದು ಮುಂದಿನ ಶಿವರಾತ್ರಿ. ನನ್ನ ಸೂತ್ರಕ್ಕೆ ಇದನ್ನು ಹಾಕಿ ನೋಡಿದರೆ, ಡಬ್ಬ ತುಂಬಿ ತುಳುಕುತ್ತಿರುವಾಗಲೇ ಗಾಬರಿಯಾಗಿ ಹೊಸದಕ್ಕೆ ಹೇಳಬೇಕು ಎಂದು ಉತ್ತರ ಬಂತು. ಸೂತ್ರ ತಪ್ಪೋ, ಸೂರ್ಯ ತಪ್ಪೋ, ನಾನು ತಪ್ಪೋ ಎಂದು ಒಂದು ಭಾನುವಾರವೆಲ್ಲ ಯೋಚಿಸಿ, ಕೊನೆಗೆ ಇದ್ದಷ್ಟನ್ನು ಜೋಪಾನವಾಗಿ ಲೆಕ್ಕವಿಟ್ಟರೆ ಸಾಕು ಎಂದುಕೊಂಡೆ.

ಆ ಲೆಕ್ಕವೇ ಕೂಡಲಿಲ್ಲ. ಬಾಳಕವೆಲ್ಲ ಒಂದು ದೊಡ್ಡ ತಗಡಿನ ಡಬ್ಬದಲ್ಲಿ ಇರುತ್ತಿತ್ತು. ಆರ್ಡರ್ ಬಂದಾಗ ತೂಗಿ ಪೊಟ್ಟಣ ಮಾಡಿ ಅಂಚೆಗೆ ಹಾಕುತ್ತಿದ್ದೆವು. ಕಂಪ್ಯೂಟರಿನ ಪ್ರಕಾರ ಡಬ್ಬ ಅರ್ಧಕ್ಕೂ ಮೇಲೆ ಇರಬೇಕಾದಾಗ, ವನಜ ಮೊಣಕೈವರೆಗೆ ಕೈ ಇಳಿಬಿಟ್ಟು ತಡಕುತ್ತಿದ್ದಳು. ನಾನು ಇಲಿಯ ಮೇಲೆ ಅನುಮಾನಪಟ್ಟೆ. ಆದರೆ ಬಾಳಕ ತಿಂದ ಇಲಿ ನೀರು ಹುಡುಕಿಕೊಂಡು ಹಗಲಲ್ಲೇ ಹಿತ್ತಲಿಗೆ ಓಡಬೇಕಿತ್ತು, ಅಂಥದ್ದೇನೂ ಕಾಣಲಿಲ್ಲ. ತಕ್ಕಡಿಯ ಮೇಲೆ ಅನುಮಾನಪಟ್ಟು ಪಕ್ಕದ ದಿನಸಿ ಅಂಗಡಿಯವರ ತಕ್ಕಡಿ ತಂದು ನೋಡಿದೆ. ಎರಡೂ ಅಣ್ಣತಮ್ಮಂದಿರ ಹಾಗೆ ಒಂದೇ ಮಾತು ಹೇಳಿದವು. ವನಜ ನನ್ನ ಮೇಲೆಯೇ ಅನುಮಾನಪಟ್ಟಳು. "ಕಾಲೇಜಿಂದ ಬಂದೋರು ಕೈಕಾಲು ತೊಳಿಯೋಕೂ ಮೊದ್ಲು ಅಟ್ಟದ ಹತ್ರ ಏನ್ ಹುಡುಕ್ತಿರ್ತೀರಿ ಅಂತ ನಾನೂ ನೋಡ್ತಾನೇ ಇದೀನಿ ಕಣ್ರೀ" ಎಂದಳು. ನಾನು ಹುಡುಕುತ್ತಿದ್ದದ್ದು ಡಬ್ಬದ ತಳವನ್ನು. ಹಾಗೆಂದರೆ ಯಾವ ಹೆಂಡತಿ ನಂಬುತ್ತಾಳೆ?

ಗುಟ್ಟು ಬಯಲಾದದ್ದು ಒಂದು ಭಾನುವಾರ. ನಮ್ಮಲ್ಲಿ ಕೆಲಸ ಹಂಚಿಕೆಯಾಗಿತ್ತು. ನಾನು ವಿಳಾಸ ಗಟ್ಟಿಯಾಗಿ ಓದಿ ಬರೆಯುವುದು, ವನಜ ತೂಗುವುದು, ನಮ್ಮವ್ವ ಮೇಣದಬತ್ತಿಯ ಉರಿಯಲ್ಲಿ ಪ್ಲಾಸ್ಟಿಕ್ ಪೊಟ್ಟಣದ ಬಾಯಿ ಅಂಟಿಸುವುದು. ಅಂದು ನನ್ನ ಪೆನ್ನು ಉರುಳಿ ಬಿದ್ದು, ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ನೋಡುತ್ತೇನೆ, ಅವ್ವನ ಸೆರಗಿನ ಮರೆಯಲ್ಲಿ ಒಂದು ಬುಟ್ಟಿ. ಬಾಯಿ ಅಂಟಿಸುವ ಮೊದಲು ಅದರಿಂದ ಒಂದು ಹಿಡಿ ಬಾಳಕ ಪೊಟ್ಟಣದೊಳಕ್ಕೆ ಇಳಿಯಿತು.

"ಅವ್ವ, ಏನು ಮಾಡ್ತಾ ಇದೀಯ?"

"ಕೊಸ್ರು ಆಕ್ತಾ ಇವ್ನಿ ಕಣ್ಲಾ" ಎಂದಳು, ನಾನೇ ಏನೋ ಕೇಳಬಾರದ್ದು ಕೇಳಿದೆ ಎಂಬಂತೆ.

"ತೂಕ ಸರಿಯಾಗಿತ್ತಲ್ಲ, ಅದರ ಮೇಲೆ ಇನ್ನೇಕೆ?"

"ಸರ್ಯಾಗಿ ಕೊಟ್ರೆ ಅವ್ರು ಏನಂದ್ಕಂಡಾರು? ನಾವೇನು ಔಸ್ದಿ ಅಂಗ್ಡಿ ಮಡಗಿದ್ದೀವಾ?"

ನನಗೆ ಸಿಟ್ಟು ಬರಬೇಕಾಗಿತ್ತು. ಬದಲಿಗೆ ಒಂದು ಆಸೆ ಹುಟ್ಟಿತು. ಅವ್ವನ ಹಿಡಿ ಎಷ್ಟೆಂದು ತಿಳಿದರೆ ಅದನ್ನೂ ಸೇರಿಸಿ ಕಂಪ್ಯೂಟರಿಗೆ ಹೇಳಬಹುದಲ್ಲ. "ಪ್ರತಿ ಪೊಟ್ಟಣಕ್ಕೆ ಎಷ್ಟು ಹಾಕ್ತೀಯ?" ಎಂದು ಕೇಳಿದೆ.

"ಅದುಕ್ಕೆಲ್ಲ ಲೆಕ್ಕ ಇದ್ದದಾ? ಮೊಕ ನೋಡಿ ಆಕದು."

"ಇಂಟರ್ನೆಟ್ಟಲ್ಲಿ ಮುಖ ಎಲ್ಲಿ ಕಾಣುತ್ತೆ ಅವ್ವ?"

"ಎಸ್ರು ಓದ್ತೀಯಲ್ಲ ನೀನು. ಎಸ್ರು ಕೇಳುದ್ರೆ ಗೊತ್ತಾಯ್ತದೆ ಬುಡು."

ಹೀಗೆ ನಮ್ಮ ಗಿರಾಕಿಗಳ ಹೆಸರು, ಊರು ಕೇಳಿಯೇ ಅವ್ವ ಅವರ ಗುಣಾವಗುಣಗಳನ್ನು ತೀರ್ಮಾನಿಸುತ್ತಿದ್ದಳು. ಬೆಂಗಳೂರಿನವರಿಗೆ ಚಿಟಿಕೆ. ಬೆಳಗಾವಿಗೆ ಅರ್ಧ ಹಿಡಿ. ಪುಣೆಯಿಂದ ಸುಮಿತ್ರಾ ಎಂಬ ಹೆಂಗಸು ಆಗಾಗ ತರಿಸಿಕೊಳ್ಳುತ್ತಿದ್ದರು. ಅಷ್ಟು ದೂರದಲ್ಲಿದ್ದರೂ ಬಾಳಕ ಮರೆತಿಲ್ಲವಲ್ಲ ಎಂದು ಅವರಿಗೆ ಎರಡೂ ಕೈ ತುಂಬ. ಇನ್ನೊಂದು ವಿಷಯವೂ ಅಂದೇ ಹೊರಬಿತ್ತು. ಡಬ್ಬದ ತಳದಲ್ಲಿ ಒಂದಿಷ್ಟು ಯಾವಾಗಲೂ ಉಳಿಯಬೇಕು. ಹೊಸದು ಬಂದು ಅದರ ಮೇಲೆ ಬೀಳುವವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಪಾತ್ರೆ ಬರಿದು ಮಾಡಿದ ಮನೆ ಏಳಿಗೆಯಾಗುವುದಿಲ್ಲ ಎಂದು ಅವ್ವನ ಅತ್ತೆ ಹೇಳಿದ್ದರಂತೆ. ನಾನು ದಾಸ್ತಾನಿನ ಕನಿಷ್ಠ ಮಟ್ಟದ ಬಗ್ಗೆ ಪುಸ್ತಕದಲ್ಲಿ ಹೇಳಿರುವುದನ್ನು ವಿವರಿಸಿ, ಇದೆಲ್ಲ ಮೂಢನಂಬಿಕೆ, ಸೊನ್ನೆ ಅನ್ನುವುದು ಒಂದು ಅಂಕಿ, ಅದಕ್ಕೆ ಹೆದರಬಾರದು ಎಂದು ಸಣ್ಣ ಭಾಷಣ ಮಾಡಿದೆ. ಅವ್ವ ಪೂರ್ತಿ ಕೇಳಿ, ಮೇಣದಬತ್ತಿ ಮುಗಿದಿದೆ, ಇನ್ನೊಂದು ತಾ ಎಂದಳು. ಅಲ್ಲಿಂದ ಮುಂದೆ ಮನೆಯಲ್ಲಿ ಕಂಪ್ಯೂಟರಿನ ಲೆಕ್ಕ, ವನಜಳ ತಕ್ಕಡಿಯ ಲೆಕ್ಕ, ಅವ್ವನ ಕೈಯ ಲೆಕ್ಕ ಎಂದು ಮೂರಾದವು. ಮೂರನ್ನೂ ಹೊಂದಿಸಲು ಹೋಗಿ ನಾನು ನಾಲ್ಕನೆಯದನ್ನು ಹುಟ್ಟಿಸಿದೆ. ಅದು ಇದ್ದ ಮೂರಕ್ಕೂ ಹೊಂದಲಿಲ್ಲ.

ಆಷಾಢ ಬಂತು. ನಮ್ಮ ಕಡೆಯ ಆಷಾಢದ ಮಳೆ ಜೋರಾಗಿ ಸುರಿದು ಹೋಗುವ ಮಳೆಯಲ್ಲ. ಸಾಲ ಕೇಳಲು ಬಂದ ನೆಂಟನ ಹಾಗೆ ಹನಿಹನಿಯಾಗಿ ಕೂತೇ ಇರುತ್ತದೆ. ಒಂದು ಸಂಜೆ ಕಂಪ್ಯೂಟರ್ ತೆರೆದರೆ ಪುಣೆಯ ಸುಮಿತ್ರಾ ಅವರಿಂದ ಎರಡು ಪೊಟ್ಟಣಕ್ಕೆ ಆರ್ಡರ್, ಜೊತೆಗೊಂದು ಮೇಲ್. ಮಗಳು ಬಸುರಿಯಂತೆ. ಬಾಯಿಗೆ ಹಾಕಿದ್ದೆಲ್ಲ ವಾಂತಿಯಾಗುತ್ತಿದೆಯಂತೆ, ಸೊರಗಿ ಹೋಗಿದ್ದಾಳಂತೆ, ಡಾಕ್ಟರು ಏನಾದರೂ ತಿನ್ನಿಸಲೇಬೇಕು ಎಂದಿದ್ದಾರಂತೆ. ನೆನ್ನೆ ತಾನಾಗಿಯೇ ಬಾಯಿ ಬಿಟ್ಟು ಹುಣಸೂರಿನ ಬಾಳಕ ಇದ್ದರೆ ಎರಡು ತುತ್ತು ಮೊಸರನ್ನ ತಿಂತೀನಿ ಅಂದಳಂತೆ. ಮನೆಯಲ್ಲಿದ್ದದ್ದು ಮುಗಿದಿದೆ, ದಯವಿಟ್ಟು ಬೇಗ ಕಳಿಸಿ ಎಂದು ಬರೆದಿದ್ದರು. ಕಂಪ್ಯೂಟರ್ ಆರು ಪೊಟ್ಟಣ ಇದೆ ಎಂದು ಹೇಳಿ, ಆರ್ಡರ್ ಒಪ್ಪಿಕೊಂಡು, ಧನ್ಯವಾದವನ್ನೂ ಹೇಳಿಯಾಗಿತ್ತು. ವನಜ ಅಟ್ಟ ಹತ್ತಿದಳು. ಡಬ್ಬ ಅಲ್ಲಾಡಿಸಿದ ಸದ್ದಿನಲ್ಲೇ ಗೊತ್ತಾಯಿತು. ತಳದಲ್ಲಿ ಅವ್ವನ ಆ ಒಂದಿಷ್ಟು ಬಿಟ್ಟು ಬೇರೇನೂ ಇರಲಿಲ್ಲ.

"ಇಲ್ಲ ಅಂತ ಬರೆದುಬಿಡ್ತೀನಿ" ಎಂದೆ.

"ಬಸುರಿ ಹೆಂಗ್ಸಿಗೆ ಇಲ್ಲ ಅಂತ ಬರೀತೀರಾ? ಬರೀರಿ ನೋಡಣ" ಎಂದಳು ವನಜ ಅಟ್ಟದ ಮೇಲಿಂದಲೇ. ಬರೆಯಲು ಆಗಲಿಲ್ಲ. ತಳದಲ್ಲಿರುವುದನ್ನು ಅವ್ವನ ಹತ್ತಿರ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆಗ ನನಗೆ ಒಂದು ಉಪಾಯ ಹೊಳೆಯಿತು. ಅದು ನನ್ನದೇ ಉಪಾಯ, ಇದರಲ್ಲಿ ಬೇರೆ ಯಾರ ಪಾಲೂ ಇಲ್ಲ. ಬಿಸಿಲು ಎಂದರೆ ಏನು? ಶಾಖ ತಾನೆ? ಕಟ್ಟೆಮಳಲವಾಡಿಯಲ್ಲಿ ವನಜಳ ಅಕ್ಕನ ಗಂಡ ಶಿವಣ್ಣನವರಿಗೆ ಹೊಗೆಸೊಪ್ಪಿನ ಬ್ಯಾರನ್ ಇದೆ. ಹಸಿ ಎಲೆಯನ್ನು ಕೋಲಿಗೆ ಕಟ್ಟಿ ನೇತುಹಾಕಿ, ಕೆಳಗೆ ಬೆಂಕಿ ಹಾಕಿ, ದಿನಗಟ್ಟಲೆ ಕಾಯಿಸಿ ಒಣಗಿಸುವ ಎತ್ತರದ ಕೋಣೆ ಅದು. ಅದು ಎಲೆ ಬೇಯಿಸುವ ಕಾಲವೇ ಆಗಿತ್ತು. ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿಯ ಬಕೆಟ್ಟನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಸೋನೆಯಲ್ಲಿ ನೆನೆಯುತ್ತ ಹೊರಟೆ. ಬಕೆಟ್ಟನ್ನು ಇಣುಕಿ ನೋಡಿದ ಶಿವಣ್ಣ, "ಮೇಷ್ಟ್ರೇ, ಬ್ಯಾರನ್ಗೆ ಮೆಣ್ಸಿನ್ಕಾಯಿ ಇಕ್ಕುದೋರ್ನ ನಾನು ಕಂಡಿಲ್ಲ. ಅಂಗಂತ ನೀವು ಓದ್ದೋರು, ಏನೋ ಇರ್ತದೆ, ಕೊಡಿ ಮತ್ತೆ" ಎಂದು ಒಂದು ತಂತಿ ಜಾಲರಿ ಕಟ್ಟಿ ಎಲೆಗಳ ಕೆಳಗೆ ಹರಡಿಸಿದರು.

ಬಾಗಿಲು ತೆಗೆದ ದಿನ ಬಾಳಕ ನೋಡಲು ಬಹಳ ಚೆನ್ನಾಗಿತ್ತು. ಬಂಗಾರದ ಬಣ್ಣ. ವನಜಳ ಅಕ್ಕ ಅಲ್ಲೇ ನಾಲ್ಕು ಕರಿದು ಕೊಟ್ಟರು. ಒಂದನ್ನು ಬಾಯಿಗೆ ಹಾಕಿದೆ. ಮೊದಲು ಉಪ್ಪು ಸಿಕ್ಕಿತು, ಆಮೇಲೆ ಖಾರ, ಆಮೇಲೆ ತಲೆ ತಿರುಗಿ ಜಗಲಿಯ ಮೇಲೆ ಕೂತೆ. ಶಿವಣ್ಣ ತಾವೂ ಒಂದು ಅಗಿದು ಗಂಭೀರವಾಗಿ ಹೇಳಿದರು. "ವಾಸ್ನೆ ಎಲ್ಲಾ ನಮ್ದೇ ಬಂದದೆ. ಅರಾಜಿಗೆ ಮಡಗುದ್ರೆ ಒಳ್ಳೆ ಗ್ರೇಡೇ ಸಿಕ್ಬೋದು ಮೇಷ್ಟ್ರೇ." ಇದನ್ನು ಬಸುರಿಗೆ ಕಳಿಸುವ ಮಾತೇ ಇರಲಿಲ್ಲ.

ಸಪ್ಪೆ ಮುಖ ಹೊತ್ತು ಮನೆಗೆ ಬಂದು, ಬೇರೆ ದಾರಿಯಿಲ್ಲದೆ ಅವ್ವನಿಗೆ ಎಲ್ಲ ಹೇಳಿದೆ.

"ಪುಣೆಯೋಳು ಅಂದ್ರೆ ಆ ಸುಮಿತ್ರಾನಾ? ಮಗ್ಳುಗೆ ಎಷ್ಟು ತಿಂಗ್ಳಂತೆ?"

"ಅದನ್ನ ಬರೆದಿಲ್ಲ ಅವ್ವ."

"ಅದ್ನ ಕೇಳ್ದೆ ಇನ್ನೇನ್ ಕೇಳುದ್ಯೋ ನೀನು" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಡಬ್ಬ ಇಳ್ಸು" ಎಂದಳು.

ಇಳಿಸಿದೆ. ಅವ್ವ ಪತ್ರಿಕೆಯ ಹಾಳೆ ಹಾಸಿ ಡಬ್ಬವನ್ನು ಬೋರಲು ಮಾಡಿ, ಹಿಂದಿನಿಂದ ಎರಡು ಸಲ ತಟ್ಟಿದಳು. ನಾನು ಇಷ್ಟು ದಿನ ಹುಡುಕುತ್ತಿದ್ದ ತಳ ಕಣ್ಣೆದುರಿಗೇ ಇತ್ತು, ನೋಡಲು ಮನಸ್ಸಾಗಲಿಲ್ಲ. ಸರಿಯಾಗಿ ಒಂದು ಪೊಟ್ಟಣವಾಯಿತು. ಕೊಸರಿಗೆ ಏನೂ ಉಳಿಯಲಿಲ್ಲ ಎಂಬುದೊಂದೇ ಅವ್ವನ ಬೇಸರ. ಪೊಟ್ಟಣದ ಬಾಯಿ ಅಂಟಿಸಿ, ದೇವರ ಗೂಡಿನಿಂದ ಒಂದು ಅರಿಶಿನದ ಕೊಂಬು ತಂದು ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ನಾನು ಪೊಟ್ಟಣವನ್ನು ಅಂಚೆಗೆ ಹಾಕಿ, ಉಳಿದಿದ್ದು ಇಷ್ಟೇ, ಎರಡನೆಯದಕ್ಕೆ ಕ್ಷಮಿಸಬೇಕು ಎಂದು ಸುಮಿತ್ರಾ ಅವರಿಗೆ ಬರೆದೆ.

ಇನ್ನು ಚೌಕದಲ್ಲಿ ಸೊನ್ನೆ ಹಾಕುವುದೊಂದು ಬಾಕಿ. ಕಂಪ್ಯೂಟರಿನ ಮುಂದೆ ಕೂತೆ. ಸುಳ್ಳು ಹೇಳುತ್ತಿದ್ದ ಹಳೆಯ ಅಂಕಿಯನ್ನು ಅಳಿಸಿದೆ. ಸೊನ್ನೆಯ ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಬೇಕು, ಅಷ್ಟೇ. ಹೊರಗೆ ಸೋನೆ ಬೀಳುತ್ತಿತ್ತು, ಒಳಗೆ ವನಜ ರಾತ್ರಿಯ ಅಡುಗೆಗೆ ಅಕ್ಕಿ ಅಳೆಯುತ್ತಿದ್ದಳು. ಬೆರಳು ಯಾಕೋ ಒಪ್ಪಲಿಲ್ಲ. ಮನೆಯ ಹೆಸರಿನಲ್ಲಿ ನಡೆಯುವ ಅಂಗಡಿ, ಅದೂ ಮುಸ್ಸಂಜೆ ಹೊತ್ತು. ಇದು ಮೂಢನಂಬಿಕೆಯಲ್ಲ, ಸುಮ್ಮನೆ ಬೇಡ ಎಂದು ನನಗೆ ನಾನೇ ಹೇಳಿಕೊಂಡು, ಅತ್ತಿತ್ತ ನೋಡಿ, ಒಂದು ಎಂದು ಒತ್ತಿ ಕಂಪ್ಯೂಟರ್ ಆರಿಸಿದೆ.

ಪೊಟ್ಟಣ ಪುಣೆ ಮುಟ್ಟಿದ ಮೇಲೆ ಮೇಲ್ ಬಂತು. ಮನೆಯವರಿಗೆಲ್ಲ ಕೇಳುವಂತೆ ಓದಿದೆ. ಮಗಳು ಬಾಳಕ ನಂಚಿಕೊಂಡು ಒಂದು ಬಟ್ಟಲು ಮೊಸರನ್ನ ಉಂಡಳಂತೆ. ಹೊಟ್ಟೆಯಲ್ಲಿ ನಿಂತಿತಂತೆ. ಮರುದಿನ ತಾನಾಗಿಯೇ ಹಸಿವು ಅಂದಳಂತೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ವನಜ ನನ್ನ ಕಡೆ ನೋಡಿ ನಕ್ಕಳು, ಬಹಳ ದಿನದ ಮೇಲೆ. ನಾನೂ ಹಿಗ್ಗಿಹೋಗಿದ್ದೆ, ಅದಕ್ಕೇ ಕೆಳಗಿನ ಸಾಲುಗಳನ್ನೂ ಅದೇ ಉತ್ಸಾಹದಲ್ಲಿ ಗಟ್ಟಿಯಾಗಿ ಓದಿಬಿಟ್ಟೆ. "ಉಳಿದಿದ್ದು ಇಷ್ಟೇ ಎಂದು ಬರೆದಿದ್ದಿರಿ. ಆದರೆ ನಿಮ್ಮ ಅಂಗಡಿಯಲ್ಲಿ ಇನ್ನೂ ಒಂದು ಇದೆ ಎಂದು ಕಾಣಿಸುತ್ತಿದೆ. ನೀವು ಮರೆತಿರಬೇಕು. ಬೇರೆ ಯಾರಾದರೂ ತೆಗೆದುಕೊಳ್ಳುವ ಮೊದಲು ನಾನೇ ತೆಗೆದುಕೊಂಡಿದ್ದೇನೆ. ಮಗಳು ದಾರಿ ಕಾಯುತ್ತಿದ್ದಾಳೆ."

"ಅದ್ಯಾವ್ದ್ಲಾ ಇನ್ನೊಂದು?" ಎಂದಳು ಅವ್ವ.

ನಾನು ಅಂಗಡಿಯ ಚೌಕ ತೆರೆದು ನೋಡಿದೆ. ಕಂಪ್ಯೂಟರ್ ಆ ಒಂದನ್ನು ತಾನೇ ಕಳೆದುಕೊಂಡು, ಸೊನ್ನೆ ಬರೆದುಕೊಂಡು, ಅಂಗಡಿಯ ಬಾಗಿಲು ಹಾಕಿಕೊಂಡಿತ್ತು. ನನ್ನ ಬೆರಳಿಗೆ ಆಗದ ಕೆಲಸವನ್ನು ಅದು ಮುಗಿಸಿತ್ತು. ಅಟ್ಟದ ಮೇಲಿನ ಡಬ್ಬದಲ್ಲಿ ಅರಿಶಿನದ ಕೊಂಬು ಇತ್ತು. ನಾನು ಎದ್ದು ಅಂಗಳಕ್ಕೆ ಹೋಗಿ, ಬಿಸಿಲೇನಾದರೂ ಬಂದೀತೇ ಎಂದು ಆಕಾಶ ನೋಡುತ್ತ ನಿಂತೆ.