ಬಂದೇ ಬಂದ ಅಪ್ಪ

ವಾಚಕ ಮಹಾಶಯರ ಸನ್ನಿಧಾನದಲ್ಲಿ ಸವಿನಯ ವಿಜ್ಞಾಪನೆ. ಸಂಸಾರಗಳು ಒಡೆಯುವುದಕ್ಕೆ ಸಿಂಹಾಸನದ ಆಸೆಯೋ, ಪರಸ್ತ್ರೀಯ ಮೋಹವೋ, ಖಳನು ಒಡ್ಡಿದ ವಿಷದ ಬಟ್ಟಲೋ ಕಾರಣವಾದುದನ್ನು ತಾವು ಎಷ್ಟೋ ಕಾದಂಬರಿಗಳಲ್ಲಿ ಓದಿ ನಿಟ್ಟುಸಿರು ಬಿಟ್ಟಿದ್ದೀರಿ. ಇಲ್ಲಿ ನಿವೇದಿಸುವ ವೃತ್ತಾಂತಕ್ಕೆ ಅಂಥ ಘನವಾದ ಕಾರಣ ಯಾವುದೂ ಒದಗಿಬರಲಿಲ್ಲ. ಒಂದು ಅಂಟಿಸುವ ಗಡ್ಡ, ಅದೂ ಬಾಡಿಗೆಯದು, ದಂಡೋತಿಯ ಅಂಬರಾಯನೆಂಬ ಸಾಧು ಪ್ರಾಣಿಯನ್ನು ಒಂದು ಹಗಲಿನಲ್ಲಿ ಎಲ್ಲಿಂದ ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ಚಿತ್ತವಿಟ್ಟು ಆಲಿಸಬೇಕಾಗಿ ಪ್ರಾರ್ಥನೆ.

ಅಂಬರಾಯ ಎದ್ದಾಗ ಆ ಗಡ್ಡ ಅವನ ಅಂಗಿಯ ಕಿಸೆಯಲ್ಲಿ ಇಲಿಮರಿಯಂತೆ ಮುದುಡಿಕೊಂಡಿತ್ತು. ಹಿಂದಿನ ರಾತ್ರಿ ಊರಿನಲ್ಲಿ ‘ಬಂದೇ ಬಂದ ಅಪ್ಪ’ ಎಂಬ ಸಾಮಾಜಿಕ ನಾಟಕ ನಡೆದಿತ್ತು. ಅಪ್ಪನ ಪಾತ್ರ ಅಂಬರಾಯನದು. ಮೊದಲ ಅಂಕದಲ್ಲಿ ಅಪ್ಪ ದುಡಿಯಲು ಹೈದರಾಬಾದಿಗೆ ಹೋಗುತ್ತಾನೆ. ಕಡೆಯ ಅಂಕದಲ್ಲಿ ಕಾಗಿಣಾ ಹೊಳೆ ಉಕ್ಕಿ, ಮೂವರು ಮಕ್ಕಳು ಮಾಳಿಗೆ ಹತ್ತಿ ಕೂಗುವಾಗ, ಗಡ್ಡ ನೆರೆತ ಅಪ್ಪ ರಟ್ಟಿನ ದೋಣಿಯಲ್ಲಿ ಕುಳಿತು ಬಂದೇ ಬರುತ್ತಾನೆ. ಬರೆದದ್ದು ಹಾಗೆ. ಆದರೆ ಮಕ್ಕಳು ಕೂಗಿದರೂ ಅಪ್ಪ ಬರಲಿಲ್ಲ. ನಾಟಕ ಕಲಿಸಿದ ನಬೀಸಾಬ್ ಮಾಸ್ತರರು ಹಾರ್ಮೋನಿಯಂ ಹಿಡಿದು ಒಂದೇ ಹಾಡನ್ನು ಗಾಣದ ಎತ್ತಿನಂತೆ ಸುತ್ತಿಸಿದರು. ಮಕ್ಕಳ ಪಾತ್ರದವರು ದಿಕ್ಕುತೋಚದೆ ನಿಜವಾಗಿಯೇ ಅಳತೊಡಗಿದರು. ದೋಣಿ ನೂಕುವವನಿಗೆ ಇದೊಂದೂ ತಿಳಿಯದು. ಕತ್ತಲಲ್ಲಿ ನಿಂತಿದ್ದ ಅವನು ಕೂಗು ಕೇಳಿದೊಡನೆ ನೂಕಿಯೇ ಬಿಟ್ಟ. ಖಾಲಿ ದೋಣಿ ತೇಲಿ ಬಂದು ಮಾಳಿಗೆಯ ಬುಡದಲ್ಲಿ ನಿಂತಿತು. ನೆರೆದ ಹೆಂಗಸರೆಲ್ಲ ಹೋ ಎಂದು ಅತ್ತರು. ಮಾಸ್ತರರು ಪರದೆ ಇಳಿಸಿದರು.

ಬೆಳಿಗ್ಗೆ ಅಮರನಾಥನ ಚಹಾದಂಗಡಿಯಲ್ಲಿ ಅದೇ ವಾದ ಎಣ್ಣೆಯ ಬಾಣಲೆಗಿಂತ ಹೆಚ್ಚು ಕುದಿಯುತ್ತಿತ್ತು.

“ಅಂವ ಅಪ್ಪ ಏನೋ? ಕಲ್ಲು,” ಎಂದ ಅಮರನಾಥ, ಭಜಿ ಬಿಡುತ್ತ. “ಮಕ್ಕಳು ನೀರಾಗ ಒದರಾಕತ್ತಾವ, ಇಂವ ಬರೀ ದೋಣಿ ಕಳಸ್ಯಾನ. ಪಾರ್ಸಲ್ ಏನದು?”

“ಕಳಸಿಲ್ಲೋ ಮಾರಾಯಾ, ಕುಂತೇ ಬಂದಾನ,” ಎಂದ ಟ್ರ್ಯಾಕ್ಟರಿನ ಮಶಾಕ. “ನಡು ಹೊಳ್ಯಾಗ ಮುಣಗ್ಯಾನ. ಈಸು ಬರ್ತಿದ್ದಿಲ್ಲ ಅವಗ.”

“ಈಸು ಬರಲಾರದಂವ ದೋಣಿ ಯಾಕ ಹತ್ತಬೇಕು?”

“ಮಕ್ಕಳು ಮಾಳಗಿ ಮ್ಯಾಲ ಅದಾವ. ಮೊದಲ ಈಸು ಕಲೀತೀನಿ, ಆಮ್ಯಾಲ ಬರ್ತೀನಿ ಅಂತ ಕುಂದರಬೇಕಿತ್ತೇನು?”

“ಒಂದು ಫೋನರ ಹಚ್ಚಬೇಕಿಲ್ಲ?”

“ಹೊಳಿ ಬಂದಾಗ ಟವರ್ ಎಲ್ಲಿರ್ತದೋ.”

ಇಬ್ಬರೂ ಅಂಬರಾಯನ ಕಡೆ ತಿರುಗಿದರು. “ಅಪ್ಪ ನೀನೇ ಅಲ್ಲಪಾ. ನೀನೇ ಹೇಳು. ಬರಾಕತ್ತಿದ್ದ್ಯೋ, ಇಲ್ಲೋ?”

ಅಂಬರಾಯ ಬಸಿಯಲ್ಲಿದ್ದ ಚಹಾವನ್ನು ತನ್ನ ಅಂಗಿಗೇ ಕುಡಿಸಿದ. ಅಷ್ಟರಲ್ಲಿ ನಬೀಸಾಬ್ ಮಾಸ್ತರರು ಅವನ ರಟ್ಟೆ ಹಿಡಿದು ಹೊರಗೆ ಎಳೆದೊಯ್ದರು.

“ಬೇಟಾ, ನೀ ಎಲ್ಲಿ ಹೋಗಿದ್ದಿ ಅಂತ ನಾ ಕೇಳಂಗಿಲ್ಲ. ನೀನೂ ಯಾರಿಗೂ ಹೇಳಬ್ಯಾಡ. ನನ್ನ ಜಿಂದಗಿಯಾಗ ಮಂದಿ ಹಿಂಗ ಅತ್ತಿದ್ದಿಲ್ಲ. ಖಾಲಿ ದೋಣಿ ನನ್ನದೇ ಐಡಿಯಾ ಅಂತ ಹೇಳೀನಿ. ವಾಡಿ ಊರವರು ಆಗಲೇ ಆಟ ಕೇಳಾಕತ್ತಾರ. ಗಡ್ಡ ಮಾತ್ರ ಸಂಜಿ ಒಳಗ ಕೊಡು, ಶಹಾಬಾದಿನ ನಾಟಕದ ಬಣ್ಣದ ಅಂಗಡಿಗೆ ಮುಟ್ಟಿಸಬೇಕು.”

ಅಂಬರಾಯನಿಗೆ ಗಡ್ಡದ ಚಿಂತೆ ಇರಲಿಲ್ಲ. ಅಂದು ಅವನು ಮಳಖೇಡಕ್ಕೆ ಹೋಗಬೇಕಾಗಿತ್ತು. ಮಗಳು ಲುಂಬಿನಿಗೆ ಜ್ವರ ನೆತ್ತಿಗೇರಿದ ದಿನ ಅವನು ನಾಟಕದ ತಾಲೀಮಿನಲ್ಲಿ ಮೈಮರೆತು ಕುಳಿತಿದ್ದ. ಆ ತಪ್ಪಿಗೆ ಹೆಂಡತಿ ಶ್ರುತಿ ಮಗುವನ್ನೆತ್ತಿಕೊಂಡು ತವರು ಸೇರಿ, ಬೇಸಿಗೆ ಕಳೆದು ಮಳೆಗಾಲವೂ ಮುಗಿಯುತ್ತ ಬಂದಿತ್ತು. ಅತ್ತೆ ಸಾಬಮ್ಮ ಅವರಿಬ್ಬರನ್ನೂ ಕರೆದುಕೊಂಡು ನಾಟಕಕ್ಕೆ ಬಂದಿದ್ದಳು. ಮರುದಿನ ಬಂದರೆ ಇಬ್ಬರನ್ನೂ ಕಳುಹಿಸುವ ಮಾತಾಡೋಣವೆಂದು ಮೊದಲೇ ಹೇಳಿಯೂ ಕಳಿಸಿದ್ದಳು.

ಟಂಟಂ ಗಾಡಿಯಲ್ಲಿ ಅವನ ಎದುರಿಗೆ ಬಳೆ ಮಾರುವ ಸುಗರಾಬಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅಲ್ಲಿಯೂ ಅದೇ ಅಪ್ಪ, ಅದೇ ದೋಣಿ.

“ಆ ನಾಟಕದಾಗಿನ ಅಪ್ಪ ಇದ್ದರೇನು, ಸತ್ತರೇನು,” ಎಂದಳು ಸುಗರಾಬಿ. “ಬಾಪ್‌ನ ದಿಲ್ ಹೆಂಗಿರ್ತದ ನಾ ನೋಡೀನಿ. ನಿನ್ನೆ ಒಂದು ಕೂಸು ಗದ್ದಲದಾಗ ತಪ್ಪಿಸ್ಕೊಂಡಿತ್ತು. ಬಿಳಿ ಗಡ್ಡದ ಬುಜುರ್ಗ್ ಒಬ್ಬ, ಹೆಗಲ ಮ್ಯಾಲ ಹಾಕ್ಕೊಂಡು ಗುನುಗುನು ಅಂತ ತಿರುಗಾಡಿ ಮಲಗಿಸಿದ. ಪಾಪ, ಮೂಗ ಕಾಣಸ್ತದ, ಬರೀ ಕೈಸನ್ನಿ ಮಾಡಿ ನನ್ನ ತೊಡಿ ಮ್ಯಾಲ ಹಾಕಿ ಓಡಿಹೋದ. ನಾನೇ ಅದರವ್ವಗ ಒಪ್ಪಿಸಿದೆ. ಅಂಥಾವನ ಕಾಲಿಗಿ ಬೀಳಬೇಕು.”

“ಖಾಲಾ, ಅಂವ ನಾನೇ,” ಎಂದ ಅಂಬರಾಯ.

ಸುಗರಾಬಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ನಿನಗ ಮೀಸಿನೇ ನೆಟ್ಟಗ ಬಂದಿಲ್ಲ. ಮಂದಿ ಪುಣ್ಯ ಕದೀಬ್ಯಾಡ ಬೇಟಾ.”

ಆದರೆ ಅವನೇ ಆಗಿದ್ದ. ಬಣ್ಣ ಹಚ್ಚಿಕೊಂಡು ರಂಗದ ಹಿಂದೆ ನಿಂತಿದ್ದಾಗ, ಜನರೇಟರಿನ ಪಕ್ಕದಲ್ಲಿ ಬಿಕ್ಕುತ್ತಿದ್ದ ಲುಂಬಿನಿ ಕಣ್ಣಿಗೆ ಬಿದ್ದಿದ್ದಳು. ಅಂಟು ಒಣಗುವವರೆಗೆ ಬಾಯಿ ತೆರೆಯಬಾರದೆಂದು ಮಾಸ್ತರರ ಅಪ್ಪಣೆಯಾಗಿತ್ತು. ಆದ್ದರಿಂದ ‘ನಾನು ನಿನ್ನ ಅಪ್ಪ’ ಎಂಬ ಮಾತು ಗಡ್ಡದ ಒಳಗೇ ಉಳಿಯಿತು. ಎತ್ತಿಕೊಂಡ. ಮಗು ಸುಮ್ಮನಾಗಿ, ಕುತ್ತಿಗೆಗೆ ಕೈಹಾಕಿ, ನಿದ್ದೆಹೋಯಿತು. ಆಗಲೇ ರಂಗದ ಮೇಲಿನಿಂದ ಮೂವರು ಮಕ್ಕಳು ‘ಅಪ್ಪಾ’ ಎಂದು ಕೂಗಿದ್ದು. ಅಂಬರಾಯನಿಗೆ ಕೇಳಿಸದೆ ಇರಲಿಲ್ಲ. ಇನ್ನೊಂದು ಸುತ್ತು ತಿರುಗಿ ಇಳಿಸುತ್ತೇನೆ ಎಂದುಕೊಂಡ. ಅಷ್ಟು ದಿನಗಳ ಮೇಲೆ ಹೆಗಲಿಗೆ ಬಂದ ಭಾರವನ್ನು ಇಳಿಸಲು ಹೆಗಲೇ ಒಪ್ಪಲಿಲ್ಲ. ಕೊನೆಗೆ ಮಗುವನ್ನು ಈ ಮುದುಕಿಗೆ ಒಪ್ಪಿಸಿ ಓಡಿಬರುವ ಹೊತ್ತಿಗೆ ಪರದೆ ಇಳಿದಿತ್ತು.

“ಖಾಲಾ, ಮಳಖೇಡದಾಗ ನಮ್ಮತ್ತಿ ಮನಿಗಿ ಒಂದು ಗಳಿಗಿ ಬರ್ರಿ. ಬಳಿ ಹಾಕೋರು ಭಾಳ ಮಂದಿ ಅದಾರ,” ಎಂದ ಅಂಬರಾಯ. ಕಿಸೆಯ ಮೇಲೆ ಕೈಯಿಟ್ಟುಕೊಂಡ. ಸಾಕ್ಷಿ ಒಳಗೊಂದು, ಎದುರಿಗೊಂದು. ಇನ್ನು ತನ್ನನ್ನು ಸೋಲಿಸುವವರಾರೆಂದು ಅವನಿಗೆ ಅನ್ನಿಸಿತು.

ಸಾಬಮ್ಮನ ಅಂಗಳದ ಫರಸಿಕಲ್ಲಿನ ಮೇಲೆ ನೆರೆಯ ಹೆಂಗಸರು ಆಗಲೇ ಕೂಡಿದ್ದರು. ಅಂಬರಾಯನ ಹಿಂದೆಯೇ ಬಂದ ಸುಗರಾಬಿ ಅವರ ನಡುವೆ ಬುಟ್ಟಿ ಇಳಿಸಿದಳು. ಬೇವಿನ ಎಲೆಗಳ ಮೇಲೆ ಕಾರ್ಖಾನೆಯ ಬೂದಿ ಕುಳಿತಂತೆ ಅವರ ಮಾತಿನ ಮೇಲೆಲ್ಲ ನಾಟಕದ ಅಪ್ಪನೇ ಕುಳಿತಿದ್ದ.

“ಮಕ್ಕಳ ಮ್ಯಾಲ ಮಾಯಾ ಇದ್ದಂವ ಹಿಂಗ ಮಾಡ್ತಾನೇನವ್ವ?” ಎಂದಳು ಒಬ್ಬಳು.

“ಮುಣಗ್ಯಾನ,” ಎಂದಳು ಸಾಬಮ್ಮ. “ಬಂದಾನ, ಹೊಳ್ಯಾಗ ಮುಣಗ್ಯಾನ. ಗೊತ್ತಿಲ್ಲಾರದ್ದು ಮಾತಾಡಬ್ಯಾಡ್ರಿ.” ಆ ಧ್ವನಿಗೆ ಅಂಗಳ ತಣ್ಣಗಾಯಿತು. ಆಮೇಲೆ ಅವಳು ಅಳಿಯನ ಕಡೆ ತಿರುಗಿದಳು. “ಕುಂದ್ರು. ಈಗ ನಿಂದು ಹೇಳು.”

ಅವನು ಬಾಯಿ ತೆರೆಯುವ ಮೊದಲೇ ಶ್ರುತಿ ಕೇಳಿದಳು. “ಕೂಸು ಕಳದಿತ್ತು. ಸ್ಟೇಜಿನ ಮ್ಯಾಲ ನೋಡಿದೆ, ನೀವಿಲ್ಲ. ಹಿಂದ ಹುಡುಕಿದೆ, ಅಲ್ಲೂ ಇಲ್ಲ. ಜ್ವರ ಬಂದಾಗ ನಾಟಕ ಇತ್ತಂತ ಬರಲಿಲ್ಲ. ನಿನ್ನೆ ನಾಟಕದಾಗೂ ಇಲ್ಲ, ಕೂಸಿನ ಹಂತೇಕೂ ಇಲ್ಲ. ಎಲ್ಲಿದ್ರಿ? ಯಾವ ಅಂಗಡ್ಯಾಗ ಕುಡಕೋತ ಕುಂತಿದ್ರಿ?”

ಅಂಬರಾಯ ಎದ್ದು ನಿಂತು, ಕಿಸೆಯಿಂದ ಗಡ್ಡ ತೆಗೆದು, ಎರಡೂ ಕೈಯಿಂದ ಗಲ್ಲಕ್ಕೆ ಒತ್ತಿ ಹಿಡಿದುಕೊಂಡ.

ಸುಗರಾಬಿಯ ಕೈಯಲ್ಲಿದ್ದ ಬಳೆಗಳು ಜಾರಿದವು. “ಯಾ ಅಲ್ಲಾ, ಇಂವನೇ. ಕೂಸು ನನ್ನ ತೊಡಿ ಮ್ಯಾಲ ಹಾಕಿದಂವ ಇಂವನೇ.”

ಒಳಗಿನಿಂದ ಲುಂಬಿನಿ ಓಡಿಬಂದು, “ಮುತ್ಯಾ,” ಎಂದು ಅಜ್ಜನನ್ನು ಕರೆಯುವಂತೆ ಕರೆದು ಅವನ ಮೊಣಕಾಲಿಗೆ ಜೋತುಬಿದ್ದಳು. ಒಂದು ಕೈಯಿಂದ ಗಡ್ಡವನ್ನು ಹಿಡಿದು, ಇನ್ನೊಂದರಿಂದ ಮಗುವನ್ನು ಎತ್ತಿಕೊಂಡು ಅಂಬರಾಯ ಗುನುಗಿದ. ಶ್ರುತಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಟ್ಟೆಯ ಚೀಲ ಕೊಡವಿದ ಸದ್ದು ಅಂಗಳಕ್ಕೆ ಕೇಳಿಸಿತು.

“ಅಂದ್ರ ನೀ ದೋಣ್ಯಾಗ ಇದ್ದಿಲ್ಲ?” ಎಂದಳು ಸಾಬಮ್ಮ ಮೆಲ್ಲಗೆ.

“ಇಲ್ರಿ ಅತ್ತಿ.”

“ಕುಂತೇ ಇದ್ದಿಲ್ಲ?”

“ಕಾಲು ಸೈತ ಇಟ್ಟಿಲ್ರಿ,” ಎಂದ ಅಂಬರಾಯ, ಗೆದ್ದವನ ಹುರುಪಿನಲ್ಲಿ.

ಸಾಬಮ್ಮ ಕೈಯೆತ್ತಿ ಲುಂಬಿನಿಯನ್ನು ತೋರಿಸಿದಳು.

“ನಾ ಈಕಿಯಷ್ಟು ಇದ್ದೆ,” ಎಂದಳು. “ಕಾಗಿಣಾ ಬಂತು. ನಾನೂ ನಮ್ಮಣ್ಣನೂ ಮಾಳಗಿ ಮ್ಯಾಲ. ಅಪ್ಪ ಆಚಿ ದಂಡಿಗಿ ಕೆಲಸಕ್ಕ ಹೋಗಿದ್ದ. ಬರೀ ಹರಗೋಲು ಬಂತು, ಅಪ್ಪ ಬರಲಿಲ್ಲ. ಹೆಣನೂ ಸಿಗಲಿಲ್ಲ. ಓಡಿಹೋಗ್ಯಾನ, ಹೈದರಾಬಾದಿನಾಗ ಬ್ಯಾರೆ ಸಂಸಾರ ಮಾಡ್ಯಾನ ಅಂದ್ರು ಮಂದಿ. ಅಂದವರ ಜೋಡಿ ಜಗಳಾಡಿಕೋತನೇ ಮುದುಕಿ ಆದೆ. ನಿನ್ನ ನಾಟಕದ ಬೋರ್ಡ್ ಓದಿಸಿ ಕೇಳಿದೆ. ನಾಟಕದಾಗರ ಒಬ್ಬ ಅಪ್ಪ ಬರ್ತಾನ, ನೋಡಮ್ ಅಂತ ಬಂದೆ. ಬರೀ ದೋಣಿ ಬಂತು. ಊರಿಗಿ ಊರೇ ಅತ್ತಿತು. ಆವಾಗ ನನಗ ಹಗುರಾತು ನೋಡು. ದೋಣಿ ಖಾಲಿ ಬಂದದಂದ್ರ ಅಪ್ಪ ಮುಣಗ್ಯಾನ ಅಂತ ಇಷ್ಟು ಮಂದಿಗಿ ತಿಳೀತಲ್ಲ ಅಂತ.”

ಸಾಬಮ್ಮ ಸೆರಗು ಬಿಗಿದು ಮತ್ತೆ ಅಳಿಯನ ಕಡೆ ತಿರುಗಿದಳು.

“ಈಗ ನೀ ಕಾಲೇ ಇಟ್ಟಿಲ್ಲ ಅಂದಿ. ಹಂಗಾದ್ರ ನಮ್ಮಪ್ಪನೂ ಎಲ್ಲರ ಒಂದು ಕೂಸು ಹೆಗಲ ಮ್ಯಾಲ ಹಾಕ್ಕೊಂಡು ತಿರುಗಾಡಾಕತ್ತಿದ್ದನೇನೋ.”

ಅಂಬರಾಯನ ಕೈಯಿಂದ ಗಡ್ಡ ತಾನಾಗಿಯೇ ಕೆಳಗಿಳಿಯಿತು. ಲುಂಬಿನಿ ಬರಿಯ ಮುಖವನ್ನು ಕಂಡು ಮೈಯೆಲ್ಲ ಹಿಂಡಿಕೊಂಡು ಕೆಳಗೆ ಜಾರಿದಳು. ಅವನ ಕೈಯಲ್ಲಿದ್ದ ಗಡ್ಡವನ್ನು ಕಸಿದು ಎದೆಗೆ ಅವಚಿಕೊಂಡು ಅಜ್ಜಿಯ ಹಿಂದೆ ನಿಂತಳು.

“ನಿನ್ನ ತಪ್ಪು ಅನ್ನಂಗಿಲ್ಲ ನಾ,” ಎಂದಳು ಸಾಬಮ್ಮ. “ನಿನ್ನ ಕೂಸಿನ ಹಂತೇಕ ಇದ್ದಿ, ಖರೇ ಅದ. ಆದ್ರ ಒಂದು ಸಲ ಆ ದೋಣ್ಯಾಗ ಕುಂತು ಬಾ. ವಾಡ್ಯಾಗ ಆಟ ಅದಂತಲ್ಲ, ಇವರಿಬ್ಬರನ್ನೂ ಕರ್ಕೊಂಡು ನಾ ಬರ್ತೀನಿ. ಅಪ್ಪ ಬಂದದ್ದು ನನ್ನ ಕಣ್ಣಿಲೆ ನೋಡಬೇಕು. ಅಲ್ಲಿಂದಲೇ ಕರ್ಕೊಂಡು ಹೋಗು, ಬ್ಯಾಡ ಅನ್ನಂಗಿಲ್ಲ.”

ಚೀಲ ಹಿಡಿದು ಹೊಸ್ತಿಲಿಗೆ ಬಂದಿದ್ದ ಶ್ರುತಿ ತಾಯಿಯ ಮುಖ ನೋಡಿದಳು. ಚೀಲವನ್ನು ಮತ್ತೆ ಒಳಗಿಟ್ಟಳು.

ಆದರೂ ಅಂಬರಾಯ ಹಗುರವಾದ ಮನಸ್ಸಿನಿಂದಲೇ ಊರಿಗೆ ಮರಳಿದ. ಗಡ್ಡ ಕೇಳಲು ಹೋದರೆ ಮಗು ಅತ್ತಿತ್ತು. ಇರಲಿ, ಮಾಸ್ತರರ ಕೈಕಾಲು ಹಿಡಿದರಾಯಿತು. ರಟ್ಟಿನ ದೋಣಿಯಲ್ಲಿ ಕುಳಿತು ನಾಲ್ಕು ಮಾರು ಬರುವುದೇನು ದೊಡ್ಡ ಮಾತು? ಹೊಳೆಯಾದರೂ ಬಟ್ಟೆಯದು, ಮುಳುಗುವ ಭಯವೂ ಇಲ್ಲ.

ಸಂಜೆ ದಂಡೋತಿಯಲ್ಲಿ ಇಳಿದಾಗ ಚಹಾದಂಗಡಿಯ ಮುಂದೆ ನಾಟಕದ ಬೋರ್ಡು ಗೋಡೆಗೆ ಒರಗಿತ್ತು. ನಬೀಸಾಬ್ ಮಾಸ್ತರರು ಕುಂಚ ಹಿಡಿದು ‘ಬಂದೇ ಬಂದ’ ಎಂಬುದನ್ನು ಅಳಿಸಿ, ಆ ಜಾಗದಲ್ಲಿ ‘ಬಾರದ’ ಎಂದು ಬರೆಯುತ್ತಿದ್ದರು.

“ವಾಡಿಯವರು ಒಂದೇ ಮಾತು ಹೇಳ್ಯಾರ, ಬೇಟಾ. ಖಾಲಿ ದೋಣಿ ಇದ್ರ ಆಟ ಬೇಕು, ಅಪ್ಪ ಬಂದ್ರ ಬ್ಯಾಡ. ನಿನಗ ಮೊದಲನೇ ಅಂಕ ಸಾಕು. ಚಿತ್ತಾಪುರದವರೂ ಹಂಗೇ ಕೇಳಾಕತ್ತಾರ.”

“ಮಾಸ್ತರ್, ಒಂದೇ ಒಂದು ಸಲ ಬಂದು ಹೋಗ್ತೀನ್ರಿ.”

“ಅರೆ, ಬಂದ್ರ ಅಳೋರು ಯಾರು?” ಎಂದರು ಮಾಸ್ತರರು, ‘ದ’ಕಾರವನ್ನು ತಿದ್ದುತ್ತ. “ಗಡ್ಡ ತಾ.”

ಅಂಬರಾಯ ಕಿಸೆಗೆ ಕೈಹಾಕಿದ. ಬರಿಗೈ ಹೊರಗೆ ಬಂತು. ಅದಕ್ಕೆ ಅಂಟಿನ ವಾಸನೆಯಿತ್ತು.

ಮಹಾಶಯರೇ, ಆ ಅಪ್ಪ ಮಕ್ಕಳನ್ನು ಕೈಬಿಟ್ಟನೋ ಇಲ್ಲವೋ ಎಂಬ ತೀರ್ಪು ಚಹಾದಂಗಡಿಯಲ್ಲಿ ಇನ್ನೂ ಆಗಿಲ್ಲ. ಅದನ್ನು ಕೇಳುತ್ತ ಕೂಡುವ ಜಾಯಮಾನ ನನ್ನದಲ್ಲ. ಎರಡು ಅಂಗಿ, ಒಂದು ಹಾಸುವ ಚಾದರ, ಮುಖಪುಟ ಹರಿದ ಮೂರು ಕಾದಂಬರಿಗಳನ್ನು ಚೀಲಕ್ಕೆ ತುಂಬಿ ದಾರ ಬಿಗಿದಿದ್ದೇನೆ. ವಾಡಿಯ ಬಸ್ಸು ಆಗಲೇ ಬಂದು ನಿಂತಿದೆ. ಆಟಕ್ಕೆ ಮೊದಲು ಮುಟ್ಟಿ ಹೆಂಗಸರ ಸಾಲಿನ ಹತ್ತಿರ ಜಾಗ ಹಿಡಿಯಬೇಕು. ಖಾಲಿ ದೋಣಿ ಮತ್ತೊಮ್ಮೆ ಬಂದು ನಿಂತಾಗ, ಆ ಮುದುಕಿ ಸಾಬಮ್ಮನ ಪಕ್ಕದಲ್ಲಿ ಒಬ್ಬರಾದರೂ ಇರಬೇಕಲ್ಲ.