ಸಾಹೇಬ್ರಿಗೇ ಹೇಳ್ರಿ

ನನ್ನ ಹೆಂಡತಿ ಸ್ನೇಹಲ್ ಹುಮನಾಬಾದಿನ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಹುಡುಗರಿಗೆ ಪಾಠ ಹೇಳುತ್ತಾಳೆ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಫ್ಯಾನು ನಿಂತರೂ ಮಿಕ್ಸರ್ ಸುಟ್ಟರೂ ಸ್ಕ್ರೂಡ್ರೈವರ್ ಹಿಡಿಯುವವಳು ಅವಳೇ. ನಾನು ಕನ್ನಡ ಮೇಷ್ಟ್ರು. ಷಟ್ಪದಿಗೆ ಪ್ರಸ್ತಾರ ಹಾಕಬಲ್ಲ ಈ ಪಂಡಿತೋತ್ತಮನ ಪಾಲಿಗೆ ಬರುವುದು ಸ್ಟೂಲು ಹಿಡಿದು ನಿಲ್ಲುವ ಕೆಲಸ. (ಸ್ಟೂಲು ಅಲುಗಾಡಿದರೆ ಅದಕ್ಕೂ ಬೈಗುಳ.) ಇಂಥ ಬಾಳಿನಲ್ಲಿ ನನ್ನ ಯಂತ್ರಜ್ಞಾನಕ್ಕೆ ಗೌರವ ಸಿಕ್ಕಿದ್ದು ಒಂದೇ ಕಡೆ, ಮಹಾರುದ್ರಪ್ಪನವರ ಅಂಗಡಿಯಲ್ಲಿ.

ವಾಷಿಂಗ್ ಮಷಿನ್ ಕೊಳ್ಳಲು ಹೋಗಿದ್ದೆವು. ಒಳಗೆ ಕಾಲಿಡುತ್ತಲೇ ಸ್ನೇಹಲ್ ಕೇಳಿದಳು, "ಇದರ ಮೋಟರ್ ಬೆಲ್ಟಿಂದೇನ್ರಿ? ವೋಲ್ಟೇಜ್ ಎಷ್ಟಕ್ಕ ಇಳಿದ್ರ ನಿಲ್ತದ?"

ಮಹಾರುದ್ರಪ್ಪನವರು ನನ್ನ ಕಡೆ ತಿರುಗಿ ಉತ್ತರ ಕೊಟ್ಟರು. "ಸಾಹೇಬ್ರ, ಈ ಕಡೆ ಬರ್ರಿ, ತಿಳಿಸಿ ಹೇಳ್ತೀನಿ. ಅಕ್ಕಾರ, ನೀವು ಕುರ್ಚಿ ಮ್ಯಾಲ ಆರಾಮ ಕೂಡ್ರಿ, ಕಲರ್ ಪಸಂದ್ ಮಾಡ್ರಿ. ಮಷಿನ್ ವಿಷಯ ಸಾಹೇಬ್ರು ನೋಡ್ಕೋತಾರ."

ಸಾಹೇಬ್ರು ಅಂದರೆ ನಾನು. ನನ್ನ ಎದೆ ಹೇಗೆ ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿಹೋಗದಿದ್ದುದೇ ಪುಣ್ಯ. "ನನಗ ಏನೂ ತಿಳಿಯಂಗಿಲ್ಲ, ಆಕಿಗೇ ಹೇಳ್ರಿ" ಎನ್ನಬೇಕಾದ ಬಾಯಿ "ಹೂಂ, ಹೇಳ್ರಿ" ಎಂದಿತು. ಅವರು ಹೇಳಿದರು, ನಾನು ತಲೆದೂಗಿದೆ. ತಿಳಿಯದ ಕಡೆ ಇನ್ನೂ ಜೋರಾಗಿ ತಲೆದೂಗಿದೆ.

ಸ್ನೇಹಲ್ ಕುರ್ಚಿಯಿಂದ ಡ್ರೈನ್ ಪೈಪಿನ ಬಗ್ಗೆ ಏನೋ ಕೇಳಿದಳು. ನಾನೇ ಅಡ್ಡ ಬಂದೆ. "ನೀ ಸುಮ್ನ ಕೂಡು. ಇದು ನಿನಗ ತಿಳಿಯಂಗಿಲ್ಲ."

ಅವಳು ಬೈಯಲಿಲ್ಲ, ನಕ್ಕಳು. ನಾನು ಅಲ್ಲೇ ಹೆದರಬೇಕಿತ್ತು.

ಮಷಿನ್ ಮನೆಗೆ ಬಂತು. ಅದರ ಮುಂದೆ ವಾರದ ಬಟ್ಟೆಯ ಗುಡ್ಡ ಬಿತ್ತು. ಸ್ನೇಹಲ್ ಚಹಾ ಹಿಡಿದು ಸೋಫಾದ ಮೇಲೆ ಕಾಲು ಚಾಚಿದಳು.

"ಇದನ್ನ ಹಾಕೋರು ಯಾರು?" ಎಂದೆ.

"ಮಷಿನ್ ವಿಷಯ ಸಾಹೇಬ್ರು ನೋಡ್ಕೋತಾರ. ನನಗ ತಿಳಿಯಂಗಿಲ್ಲ. ಕಲರ್ ಪಸಂದ್ ಮಾಡೀನಿ, ನನ್ನ ಕೆಲಸ ಮುಗೀತು."

"ಒಮ್ಮೆ ತೋರಸಬಾರದಾ?"

"ತೋರಸ್ತೀನಿ. 'ನನಗ ಗೊತ್ತಿಲ್ಲ' ಅಂತ ಬಾಯಿಬಿಟ್ಟು ಅನ್ರಿ."

ಅಷ್ಟು ಅಂದಿದ್ದರೆ ಬಿಡುಗಡೆಯಾಗುತ್ತಿತ್ತು. ಆದರೆ ಹೊಸದಾಗಿ ಸಾಹೇಬನಾದವನು ಹಾಗೆ ಅನ್ನುವುದುಂಟೇ? ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ನನ್ನ ಬಿಳಿ ಅಂಗಿಗಳೆಲ್ಲ ಅವಳ ಸೀರೆಯ ಸಹವಾಸದಿಂದ ಗುಲಾಬಿಯಾಗಿ ಹೊರಬಂದವು. ಅವುಗಳಲ್ಲೇ ಒಂದನ್ನು ತೊಟ್ಟು ಶಾಲೆಗೆ ಹೋದೆ. (ಹೊಸದು ಎಂದು ಹೇಳಿಕೊಂಡೆ.)

ಆದರೂ ಹೇಳುತ್ತೇನೆ, ಬರಬರುತ್ತಾ ನಾನು ಪಳಗಿದೆ. ಈಗ ಕಾಲರಿನ ಕೊಳೆ ನೋಡಿಯೇ ಎಷ್ಟು ಹೊತ್ತು ತಿರುಗಿಸಬೇಕೆಂದು ಹೇಳಬಲ್ಲೆ. ಪಕ್ಕದ ಮನೆಯ ಗಯಾಬಾಯಿ ಮಾಳಿಗೆಯಿಂದ, "ಮಾಸ್ತರ್, ಮಷಿನ್ನಾಗ ರಗ್ಗು ಹ್ಯಾಂಗ ಹಾಕಬೇಕ್ರಿ?" ಎಂದರೆ ಒದ್ದೆ ಚಾದರ ಹೆಗಲ ಮೇಲೆ ಹೊತ್ತೇ ಉಪನ್ಯಾಸ ಕೊಡುತ್ತೇನೆ. ಹೆಮ್ಮೆ ಎನ್ನಿ, ಹೌದು, ಹೆಮ್ಮೆಯೇ.

ಹೋದ ವಾರ ಸ್ನೇಹಲ್‌ಗೆ ಹಬೆಯ ಇಸ್ತ್ರಿ ಬೇಕೆನಿಸಿತು. ಈ ಸಲ ನಾನು ಹುಷಾರು. ಅಂಗಡಿಗೆ ಹೋದವನೇ ಮೊದಲು ಕುರ್ಚಿ ಹಿಡಿದೆ. ಕೊನೆಗೂ ಆ ಮಾತನ್ನು ಬಾಯಿಬಿಟ್ಟು ಆಡಿದೆ.

"ನೋಡ್ರಿ ಮಹಾರುದ್ರಪ್ಪನವರ, ಈಕಿ ಐಟಿಐದಾಗ ಇದನ್ನೇ ಕಲಸ್ತಾಳ. ಏನಿದ್ರೂ ಈಕಿಗೇ ಹೇಳ್ರಿ. ನನಗ ಖರೇನೇ ಏನೂ ಗೊತ್ತಿಲ್ಲ."

ಮಹಾರುದ್ರಪ್ಪನವರು ಹೊಟ್ಟೆ ಹಿಡಿದು ನಕ್ಕರು. "ಸಾಹೇಬ್ರು ಚಾಷ್ಟಿ ಮಾಡಾಕತ್ತಾರ. ನಿಮ್ಮ ಬಾಜೂ ಮನಿ ಗಯಾಬಾಯಿ ಮೊನ್ನೆ ಬಂದಿದ್ರು. ಮಾಸ್ತರಂಥ ಎಕ್ಸ್‌ಪರ್ಟ್ ನಮ್ಮ ಓಣ್ಯಾಗ ಇನ್ನೊಬ್ರಿಲ್ಲ ಅಂದ್ರು."

ನಾನು ಸ್ನೇಹಲ್ ಕಡೆ ನೋಡಿದೆ. ಅವಳು ಆಗಲೇ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಿದ್ದಳು.

"ಹೌದ್ರಿ, ಸಾಹೇಬ್ರಿಗೇ ಹೇಳ್ರಿ," ಎಂದಳು. "ನಾ ಕಲರ್ ನೋಡ್ತೀನಿ."