ಕಾಕಾ ಹಿಡಿದ ಕಂಬ

ನಮ್ಮ ಕಾಕಾ ಜರ್ಮನಿಗೆ ಬಂದದ್ದು ಕಂಪ್ಯೂಟರ್ ಕೆಲಸಕ್ಕೆಂದು ಅಲ್ಲಿನ ಸರ್ಕಾರ ಇವತ್ತಿಗೂ ನಂಬಿಕೊಂಡಿದೆ. ಪಾಪ, ತಮ್ಮದೇ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡವರು ಇನ್ನೇನು ನಂಬಬೇಕು? ಆದರೆ ಎರ್ಲಾಂಗೆನ್‌ನಲ್ಲಿ ಅವರ ಮನೆಯಲ್ಲೇ ಇದ್ದುಕೊಂಡು ಓದುತ್ತಿದ್ದ ನನಗೆ ನಿಜ ಗೊತ್ತು. ಅವರು ಬಂದದ್ದು ಕಂಬ ಹಿಡಿಯುವುದಕ್ಕೆ!

ನಮ್ಮ ವಿಶ್ವವಿದ್ಯಾಲಯಕ್ಕೊಂದು ಅಮೆರಿಕನ್ ಫುಟ್‌ಬಾಲ್ ತಂಡವಿತ್ತು. ಇಪ್ಪತ್ತು ಹುಡುಗರು, ಹದಿನೇಳು ಹೆಲ್ಮೆಟ್ಟು. ಒಂದು ಭಾನುವಾರ ಸೈಕಲ್ ಮೇಲೆ ಹೋಗುತ್ತಿದ್ದ ಕಾಕಾ, ಬೇಲಿಯಾಚೆ ಇವರು ಒಬ್ಬರ ಮೇಲೊಬ್ಬರು ಬೀಳುವುದನ್ನು ಕಂಡು ಇಳಿದೇಬಿಟ್ಟರು.

"ಏ, ಇದು ನಮ್ಮ ಕಬಡ್ಡೀನೋ. ನಡುವ ಒಂದು ತೆಂಗಿನಕಾಯಿ ಅದ, ಅಷ್ಟ."

ಅಲ್ಲಿಗೆ ಅವರ ಭಾನುವಾರಗಳು ಮುಗಿದವು. ಜೊತೆಗೆ ನನ್ನವೂ.

ಈ ಆಟದಲ್ಲಿ ನಾಲ್ಕು ಪ್ರಯತ್ನದೊಳಗೆ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು. ಆಗದಿದ್ದರೆ ಚೆಂಡು ಎದುರಾಳಿಗೆ. ಅಳೆಯಲು ಎರಡು ಕಂಬ, ನಡುವೆ ಹತ್ತು ಗಜದ ಸರಪಳಿ. ಅದನ್ನು ಹಿಡಿದು ಬಿಸಿಲಲ್ಲಿ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ಕಾಕಾ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದು ಮುಂದಿನ ಕಂಬ ಹಿಡಿದರು, ಹಿಂದಿನದನ್ನು ನನ್ನ ಕೈಗೆ ಕೊಟ್ಟರು. ಸರಪಳಿಯನ್ನು ಮನೆಗೂ ತಂದರು. ವಾರಕ್ಕೊಮ್ಮೆ ತೊಳೆದು, ಕೊಬ್ಬರಿ ಎಣ್ಣೆ ಸವರಿ ಬಾಲ್ಕನಿಯಲ್ಲಿ ಒಣಹಾಕುವುದು! ಮನೆಯೊಡತಿ ನೋಡಿ ಗಾಬರಿಯಾಗಿ, "ಆನೆ ಸಾಕಿದ್ದೀರಾ?" ಎಂದು ಕೇಳಿದಳು.

"ಇನ್ನೂ ಇಲ್ಲ," ಎಂದರು ಕಾಕಾ.

ಇಷ್ಟೆಲ್ಲ ಸೇವೆ ನಡೆದರೂ ತಂಡ ಸೋಲುತ್ತಲೇ ಇತ್ತು. ಐದನೆಯ ಪಂದ್ಯಕ್ಕೆ ಕಾಕಾ ಬೇರೆ ದಾರಿ ಹಿಡಿದರು. ಆಯುಧಪೂಜೆಯ ಖಂಡೇನವಮಿಗೆ ಇನ್ನೂ ನಾಲ್ಕು ತಿಂಗಳಿತ್ತು, ಅಷ್ಟು ದಿನ ಕಾಯುವವರು ಯಾರು? ಹೆಲ್ಮೆಟ್ಟುಗಳನ್ನು ಸಾಲಾಗಿ ಜೋಡಿಸಿ, ಕುಂಕುಮ ಹಚ್ಚಿ ಪೂಜೆ ಮಾಡಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹುಡುಗರ ಹಣೆಗೂ ಬಳಿದರು. ಹತ್ತು ನಿಮಿಷ ಓಡಿದ್ದೇ ತಡ, ಬೆವರಿನ ಜೊತೆ ಕುಂಕುಮ ಇಳಿದು ಹನ್ನೊಂದು ಮುಖವೂ ಕೆಂಪೋ ಕೆಂಪು. ರಕ್ತ ಬಂದವನು ಆಡಕೂಡದೆಂಬುದು ನಿಯಮ. ರೆಫರಿ ಸೀಟಿ ಊದಿ ಇಡೀ ತಂಡವನ್ನು ಹೊರಗೆ ಕಳಿಸಿದ! ಅವತ್ತೂ ಸೋತೆವು. ಹುಡುಗರು ಮಾತ್ರ ಕಾಕಾನನ್ನು ಬೈಯಲಿಲ್ಲ, ಮುಖ ತೊಳೆದುಕೊಂಡು ಬಂದು ಅವರ ಶೇಂಗಾ ಹೋಳಿಗೆ ಖಾಲಿ ಮಾಡಿದರು.

ಜುಲೈನಲ್ಲಿ ಕಾಕಾನ ಕಂಪನಿ ಮುಚ್ಚಿತು. ಎಷ್ಟು ಅಲೆದರೂ ಬೇರೆ ಕೆಲಸ ಸಿಗಲಿಲ್ಲ. ಕೆಲಸವಿಲ್ಲದವನಿಗೆ ಆ ದೇಶದಲ್ಲಿ ಜಾಗವಿರಲಿಲ್ಲ. ಕೊನೆಯ ಪಂದ್ಯ ಭಾನುವಾರ, ಅವರ ವಿಮಾನ ಗುರುವಾರ.

"ಹುಡುಗ್ರಿಗೆ ಹೇಳಬ್ಯಾಡ. ಆಟದ ಮುಂದ ಅವ್ರಿಗ್ಯಾಕ ಚಿಂತಿ?" ಎಂದರು. ಸರಪಳಿಗೆ ಎಣ್ಣೆ ಸವರುತ್ತ, "ಒಂದ ಸಲ ಗೆದ್ದದ್ದು ನೋಡಿ ಹೋದ್ರ ಸಾಕಾಗಿತ್ತು," ಎಂದೂ ಅಂದರು.

ಆ ಭಾನುವಾರ ನಂಬಿದರೆ ನಂಬಿ, ನಾವು ಎರಡು ಅಂಕ ಮುಂದಿದ್ದೆವು! ಒಂದೇ ನಿಮಿಷ ಬಾಕಿ, ಚೆಂಡು ನಮ್ಮದು, ನಾಲ್ಕನೆಯ ಪ್ರಯತ್ನ. ಹತ್ತು ಗಜ ತುಂಬಿದರೆ ಚೆಂಡು ನಮ್ಮಲ್ಲೇ ಉಳಿದು ಗೆದ್ದಂತೆಯೇ. ನಮ್ಮ ಹುಡುಗ ನುಗ್ಗಿ ಬಿದ್ದ. ಅಳೆಯಲು ಸರಪಳಿ ಮೈದಾನಕ್ಕೆ ಬಂತು. ರೆಫರಿ ಬಗ್ಗಿ ನೋಡಿದ. ಚೆಂಡು ಕಾಕಾನ ಕಂಬವನ್ನು ಒಂದು ಬೆರಳಿನಷ್ಟು ದಾಟಿತ್ತು. ಹುಡುಗರು ಕುಣಿಯತೊಡಗಿದರು.

"ಮೊಮೆಂಟ್," ಎಂದು ಕಾಕಾ ತಡೆದರು.

ಕುಕ್ಕರಗಾಲಿನಲ್ಲಿ ಕೂತು ಹುಲ್ಲು ಸರಿಸಿದರು. ಸರಪಳಿಯ ಒಂದು ಕೊಂಡಿ ತಿರುಚಿಕೊಂಡು ಸರಪಳಿ ಅಷ್ಟು ಗಿಡ್ಡವಾಗಿತ್ತು. ವಾರವಾರ ಎಣ್ಣೆ ಹಚ್ಚಿದವರಿಗಲ್ಲದೆ ಬೇರೆ ಯಾರಿಗೂ ಅದು ಕಾಣುವಂತಿರಲಿಲ್ಲ. ತಾವೇ ಬಿಡಿಸಿ, ಸರಪಳಿ ಬಿಗಿಯಾಗಿ ಎಳೆದು ಕಂಬ ನೆಟ್ಟರು. ಚೆಂಡು ಎರಡು ಬೆರಳು ಹಿಂದೆ ಉಳಿಯಿತು. ಅದು ಎದುರಾಳಿಯ ಕೈಗೆ ಹೋಯಿತು, ಕೊನೆಯ ಗಳಿಗೆಯಲ್ಲಿ ಅವರು ಗೆದ್ದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಸುಮ್ನ ಇದ್ದಿದ್ರ ಏನಾಗ್ತಿತ್ತು ಕಾಕಾ?"

"ಗೆದ್ದದ್ದು ನೋಡಬೇಕಿತ್ತೋ. ಗೆದ್ದಂಗ ಕಾಣೋದಲ್ಲ," ಎಂದರು. ಕಣ್ಣು ತುಂಬಿತ್ತು.

ಅಷ್ಟರಲ್ಲಿ ತಂಡದ ನಾಯಕ, ಬಾಗಿಲಿನಷ್ಟು ಅಗಲದ ಹುಡುಗ, ನೇರ ಕಾಕಾನ ಕಡೆಗೇ ಬಂದ. ಹೊಡೆಯುತ್ತಾನೇನೋ ಎಂದು ನಾನು ಅಡ್ಡ ನಿಂತೆ. ಅವನು ಹೆಲ್ಮೆಟ್ಟು ತೆಗೆದ. ಕಾಕಾನ ಕೈಯಿಂದ ಕಂಬ ಇಸಿದುಕೊಂಡು ತನ್ನ ಹೆಗಲಿಗೇರಿಸಿದ.

"ಮುಂದಿನ ವರ್ಷವೂ ಇದನ್ನು ನೀವೇ ಹಿಡಿಯಬೇಕು. ಬರುತ್ತೀರಲ್ಲ?" ಎಂದು ಜರ್ಮನ್‌ನಲ್ಲಿ ಕೇಳಿದ.

ಎರಡು ಬೆರಳಿನ ಸುಳ್ಳನ್ನು ಸಹಿಸದ ನಮ್ಮ ಕಾಕಾ ಅವನ ಮುಖವನ್ನೇ ನೋಡಿ, "ಯಾ, ಯಾ. ಬರ್ತೇನಿ," ಎಂದುಬಿಟ್ಟರು.